ತಟ್ಟೆಯ ಮುಂದಿನ ತಪಸ್ಸು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಆರು ಬಾಹ್ಯ ತಪಸ್ಸುಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಮೊದಲಿನ ನಾಲ್ಕು, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ ಮತ್ತು ರಸಪರಿತ್ಯಾಗ, ಆಹಾರಕ್ಕೇ ಸಂಬಂಧಿಸಿದವು. ಪರ್ವದ ದಿನಗಳಲ್ಲಿ ಉಪವಾಸ ಮಾಡಿದವರನ್ನು ಸಮಾಜ ಗೌರವಿಸುತ್ತದೆ. ಹೊಟ್ಟೆ ತುಂಬುವ ಮೊದಲೇ ಊಟ ಮುಗಿಸಿ ಏಳುವ ಅವಮೌದರ್ಯ, ಅಂದರೆ ಊನೋದರ, ಯಾರ ಕಣ್ಣಿಗೂ ಬೀಳುವುದಿಲ್ಲ. ಗೃಹಸ್ಥರಿಗೆ ಇಂದು ಅತ್ಯಗತ್ಯವಾಗಿರುವ ತಪಸ್ಸು ಅದೇ.

ಹಸಿವೆಲ್ಲವೂ ಹೊಟ್ಟೆಯಿಂದಲೇ ಹುಟ್ಟುವುದಿಲ್ಲ. ಆಹಾರ ಸಂಜ್ಞೆಗೆ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ನಾಲ್ಕು ಕಾರಣಗಳನ್ನು ಹೇಳುತ್ತಾರೆ. ಬರಿದಾದ ಹೊಟ್ಟೆ ಅವುಗಳಲ್ಲಿ ಒಂದು ಮಾತ್ರ. ಆಹಾರವನ್ನು ಕಾಣುವುದು, ಅದನ್ನೇ ನೆನೆಯುವುದು ಹಾಗೂ ಅಸಾತಾ ವೇದನೀಯ ಕರ್ಮದ ಉದೀರಣೆ ಉಳಿದ ಮೂರು. ಆಚಾರ್ಯರು ಮೆದುಳಿನ ಶಾಸ್ತ್ರ ಬರೆದವರಲ್ಲ. ಅವರ ದೃಷ್ಟಿ ಆತ್ಮದ ಬಂಧನದ ಮೇಲಿತ್ತು. ಆದರೂ ಇಂದಿನ ವಿಜ್ಞಾನವನ್ನು ಓದುವಾಗ ಈ ಮಾತು ನೆನಪಾಗದಿರದು.

1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ದೇಹದ ಕೊಬ್ಬಿನಿಂದ ಹೊರಡುವ ಇದು ಮೆದುಳಿನ ಹೈಪೋಥಲಾಮಸ್ ಭಾಗಕ್ಕೆ ‘ಸಂಗ್ರಹ ಸಾಕಷ್ಟಿದೆ’ ಎಂಬ ಸಂದೇಶ ಒಯ್ಯುತ್ತದೆ. ಸ್ಥೂಲಕಾಯರಲ್ಲಿ ಲೆಪ್ಟಿನ್ ಸಾಮಾನ್ಯವಾಗಿ ಹೆಚ್ಚಾಗಿಯೇ ಇರುತ್ತದೆ. ಆದರೆ ಮೆದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಕಣಜ ತುಂಬಿದ್ದರೂ ಬರಗಾಲವೆಂದು ಬಗೆಯುವ ಸ್ಥಿತಿ ಅದು.

ರುಚಿಯ ಬಂಧನವೂ ಹೀಗೆಯೇ. ಜರ್ಮನಿಯ ಕಲೋನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ವಾರ ಪ್ರತಿದಿನ ಕೊಬ್ಬು, ಸಕ್ಕರೆ ಹೆಚ್ಚಿರುವ ಸಿಹಿತಿನಿಸು ತಿಂದವರ ತೂಕ ಇತರರಿಗಿಂತ ಹೆಚ್ಚಲಿಲ್ಲ. ಆದರೆ ಅಂಥ ಆಹಾರಕ್ಕೆ ಅವರ ಮೆದುಳಿನ ಸ್ಪಂದನೆ ತೀವ್ರವಾಯಿತು, ಜಿಡ್ಡು ಕಡಿಮೆಯಿರುವ ಆಹಾರದ ಮೇಲಿನ ಒಲವು ಇಳಿಯಿತು. ದೇಹ ಬದಲಾಗುವ ಮೊದಲೇ ಬಯಕೆ ಬದಲಾಗಿತ್ತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ನೇರವಾಗಿ ಜಠರಕ್ಕೆ ಸೇರಿಸಿದ ಪೋಷಕಾಂಶಗಳಿಗೆ ಸ್ಥೂಲಕಾಯರ ಮೆದುಳು ತೋರಿದ ಸ್ಪಂದನೆ ಬಹಳ ಕುಂದಿತ್ತು. ಪಥ್ಯದಿಂದ ತೂಕ ಶೇ 10ರಷ್ಟು ಇಳಿದ ಮೇಲೂ ಅದು ಮೊದಲಿನಂತಾಗಲಿಲ್ಲ.

ಇದರಿಂದ ಕಲಿಯಬೇಕಾದ ಮೊದಲ ಪಾಠ ಅಹಿಂಸೆಯದು. ಸ್ಥೂಲಕಾಯರನ್ನು ಹೊಟ್ಟೆಬಾಕರೆಂದು ಹೀಯಾಳಿಸುವುದು ವಚನಹಿಂಸೆ. ತನ್ನೊಳಗಿನ ತೃಪ್ತಿಯ ಸಂದೇಶವೇ ಕೇಳಿಸದವನಿಗೆ ಬೇಕಾದುದು ಕರುಣೆ ಮತ್ತು ಚಿಕಿತ್ಸೆ.

ಎರಡನೆಯದು ಆತ್ಮಾವಲೋಕನದ ಪಾಠ. ಕಂದಮೂಲ ತ್ಯಜಿಸಿದ ತಟ್ಟೆಯಲ್ಲಿ ಕರಿದ ತಿಂಡಿಯೂ ತುಪ್ಪ ಸುರಿಯುವ ಸಿಹಿಯೂ ತುಂಬಿದ್ದರೆ ಜೀವದಯೆ ಪಾಲನೆಯಾದೀತು, ಜಿಹ್ವಾಜಯ ಆಗದು. ಉಪವಾಸದ ಮರುದಿನದ ಪಾರಣೆ ಔತಣವಾಗುವುದು, ‘ಬೇಡ’ ಎಂದ ಅತಿಥಿಗೆ ಒತ್ತಾಯಿಸಿ ಬಡಿಸುವುದು, ಮಕ್ಕಳ ಹಟಕ್ಕೆಲ್ಲ ಸಿಹಿಯೇ ಉತ್ತರವಾಗುವುದು ಎಷ್ಟು ಮನೆಗಳಲ್ಲಿ ಇಲ್ಲ? ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನಾದರೂ ಬಿಡುವ ರಸಪರಿತ್ಯಾಗಕ್ಕೆ ಇಂಥ ಮನೆಗಳಲ್ಲಿಯೇ ನಿಜವಾದ ಅರ್ಥವಿದೆ.

ತಪಸ್ಸಿನ ಗುರಿ ಕರ್ಮನಿರ್ಜರೆ, ತೂಕ ಇಳಿಸುವುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಂಯಮದ ಜಾಗೃತಿ, ದೋಷಶಮನ, ಸ್ವಾಧ್ಯಾಯದ ಸುಖಸಿದ್ಧಿಗಳನ್ನು ಅವಮೌದರ್ಯದ ಪ್ರಯೋಜನಗಳೆಂದು ಎಣಿಸಿದ್ದಾರೆ. ಭಾರವಾದ ಹೊಟ್ಟೆಯೊಡನೆ ಸಾಮಾಯಿಕಕ್ಕೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೋಗಿಗಳು, ಔಷಧಿ ಸೇವಿಸುವವರು ವೈದ್ಯರ ಸಲಹೆಯಂತೆ ನಡೆಯಲಿ. ದೇಹವನ್ನು ದಂಡಿಸಿ ಕೆಡಿಸುವುದು ವ್ರತವಲ್ಲ.

ಬಯಕೆ ಬೇರೂರಿದ ಮೇಲೆ ಕೀಳುವುದು ಕಷ್ಟ; ಬೇರೂರದಂತೆ ಕಾಯುವುದು ಸುಲಭ. ಪುರುಷನ ಪೂರ್ಣಾಹಾರವನ್ನು ಮೂಲಾಚಾರ 32 ತುತ್ತುಗಳೆಂದು ಹೇಳುತ್ತದೆ. ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ಅದು ಅವಮೌದರ್ಯವೇ. ಅಷ್ಟು ಸಣ್ಣ ತಪಸ್ಸಿಗೆ ಪರ್ವವನ್ನು ಕಾಯಬೇಕಿಲ್ಲ. ಇಂದು ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಊಟದಿಂದಲೇ ಅದನ್ನು ಆರಂಭಿಸಬಹುದು.