ಮಧುಚಂದ್ರಕ್ಕೆ ಬೇಕಿರುವುದು ಬಿಡುವು, ವೇಳಾಪಟ್ಟಿಯಲ್ಲ

ಕಾರ್ತಿಕ, ಮಾರ್ಗಶಿರಗಳಲ್ಲಿ ಮದುವೆಯಾದ ಎಷ್ಟೋ ಜೋಡಿಗಳು ಸಂಕ್ರಾಂತಿಯೊಳಗೆ ಹನಿಮೂನ್ ಮುಗಿಸಿ ಬರುತ್ತಾರೆ. ಧನುರ್ಮಾಸದಲ್ಲಿ ಹೇಗೂ ಶುಭಕಾರ್ಯಗಳಿಲ್ಲ, ಆಫೀಸಿನಲ್ಲಿ ವರ್ಷದ ಕೊನೆಯ ರಜೆಯೂ ಉಳಿದಿರುತ್ತದೆ. ಹೀಗೆ ಹೊರಟವರಲ್ಲಿ ಹಲವರು ಅಂಡಮಾನ್ ವಿಮಾನ ಹತ್ತುತ್ತಾರೆ. ಆಯ್ಕೆ ಒಳ್ಳೆಯದೇ. ಕೆಡುವುದು ಟ್ರಾವೆಲ್ಸ್‌ನವರು ಕೈಗಿಡುವ ಐದು ರಾತ್ರಿ, ಆರು ಹಗಲಿನ ಪಟ್ಟಿಯಿಂದ. ಶ್ರೀ ವಿಜಯ ಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಲ್ಲಿ ಇಳಿದ ಸಂಜೆಯೇ ಸೆಲ್ಯುಲರ್ ಜೈಲಿನ ಧ್ವನಿ-ಬೆಳಕು ಪ್ರದರ್ಶನ. ಮರುದಿನ ನಸುಕಿಗೆ ಜೆಟ್ಟಿ, ಹ್ಯಾವ್‌ಲಾಕ್, ಅಂದರೆ ಸ್ವರಾಜ್ ದ್ವೀಪ. ಅಲ್ಲಿ ಒಂದೆರಡು ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಹಡಗು, ನೀಲ್, ಅಂದರೆ ಶಹೀದ್ ದ್ವೀಪ. ಅಲ್ಲಿಂದ ಪುನಃ ಪೋರ್ಟ್ ಬ್ಲೇರ್. ಹೊಸದಾಗಿ ಮದುವೆಯಾದವರು ಇಷ್ಟು ದೂರ ಹೋದ ಮೇಲೆ ಒಂದೇ ದ್ವೀಪದಲ್ಲಿ, ಒಂದೇ ಕೋಣೆಯಲ್ಲಿ, ಏನನ್ನೂ ನೋಡಲೇಬೇಕೆಂಬ ಹಂಗಿಲ್ಲದೆ ಇದ್ದು ಬರಬೇಕು ಎಂಬುದು ನನ್ನ ವಾದ.

ಈ ದ್ವೀಪಗಳ ದಿನಚರಿಯೇ ಪಟ್ಟಿಗೆ ಒಗ್ಗುವಂಥದ್ದಲ್ಲ. ನಮ್ಮ ಗಡಿಯಾರದ ಸಮಯವನ್ನೇ ಇಟ್ಟುಕೊಂಡು ಬೆಂಗಳೂರಿಗಿಂತ ಅಷ್ಟು ಪೂರ್ವಕ್ಕಿರುವುದರಿಂದ ಡಿಸೆಂಬರಿನಲ್ಲಿ ಅಲ್ಲಿ ಐದು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಊಟ ಮುಗಿಸಿ ಒಂದು ಗಳಿಗೆ ಒರಗಿ ಎದ್ದು, ಜೀಪು ಹಿಡಿದು ಹ್ಯಾವ್‌ಲಾಕ್‌ನ ರಾಧಾನಗರ ತೀರ ತಲುಪುವುದರೊಳಗೆ ಬೆಳಕು ಮುಗಿಯುತ್ತಾ ಬಂದಿರುತ್ತದೆ. ಇನ್ನು ಉಬ್ಬರ-ಇಳಿತದ ಲೆಕ್ಕ. ಕಡಲು ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ತನ್ನ ಹೊತ್ತನ್ನು ಮುಂದೂಡುತ್ತಾ ಹೋಗುತ್ತದೆ. ನೀಲ್‌ನ ಕಲ್ಲಿನ ಕಮಾನಿನವರೆಗೆ ಬಂಡೆಗಳ ಮೇಲೆ ನಡೆದು ಹೋಗಲು ನೀರು ಇಳಿದಿರಬೇಕು; ಇಳಿದಾಗಷ್ಟೇ ಅಲ್ಲಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು, ಕಪ್ಪಗೆ ಬಿದ್ದಿರುವ ಸಮುದ್ರಸೌತೆ ಕಾಣಿಸುತ್ತವೆ. ಪಟ್ಟಿಯಲ್ಲಿ ಬರೆದ ಗಂಟೆಗೆ ಉಬ್ಬರವಿದ್ದರೆ ಆ ಜೋಡಿಗೆ ದಕ್ಕುವುದು ದೂರದಿಂದ ತೆಗೆದ ಒಂದು ಫೋಟೊ ಮಾತ್ರ. ಅಲ್ಲೇ ನಾಲ್ಕು ದಿನ ಇರುವವರು ಹೋಟೆಲಿನ ಹುಡುಗನನ್ನು ಕೇಳಿ, ನೀರು ಇಳಿಯುವ ಹೊತ್ತು ನೋಡಿಕೊಂಡು ಹೊರಡಬಹುದು.

ಹವಾಮಾನದ ಮಾತೂ ಇದೆ. ನಮಗೆ ಚಳಿಗಾಲ ಎಂದರೆ ತಿಳಿ ಆಕಾಶ. ಬಂಗಾಳ ಕೊಲ್ಲಿಯಲ್ಲಿ ಮಾತ್ರ ಡಿಸೆಂಬರ್ ಪೂರ್ತಿ ನಂಬುವಂಥ ತಿಂಗಳಲ್ಲ, ಹಿಂಗಾರಿನ ವಾಯುಭಾರ ಕುಸಿತಗಳು ಆಗಲೂ ಏಳುತ್ತವೆ. 2016ರ ಡಿಸೆಂಬರಿನಲ್ಲಿ, ಮುಂದೆ ವಾರ್ದಾ ಚಂಡಮಾರುತವಾದ ಮಳೆಗಾಳಿಗೆ ಹಡಗುಗಳು ನಿಂತು, ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡಿದ್ದರು. ನೌಕಾಪಡೆ ನೆರವಿಗೆ ಬರಬೇಕಾಯಿತು. ಪ್ರತಿ ರಾತ್ರಿಗೂ ಬೇರೆ ಬೇರೆ ಕಡೆ ದುಡ್ಡು ಕಟ್ಟಿದವರಿಗೆ ಒಂದು ಹಡಗು ರದ್ದಾದರೆ ಮುಂದಿನದೆಲ್ಲ ಏರುಪೇರು. ನೀರಿಗಿಳಿಯುವವರಿಗೆ ಇನ್ನೂ ಒಂದು ಕಟ್ಟು ಇದೆ: ಸ್ಕೂಬಾ ಡೈವಿಂಗ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ ಹನ್ನೆರಡು ಗಂಟೆ, ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ ಹದಿನೆಂಟು ಗಂಟೆ ಬಿಡಬೇಕು ಎನ್ನುತ್ತಾರೆ ಬಲ್ಲವರು. ಇದಕ್ಕೆಲ್ಲ ಬೇಕಿರುವುದು ಪಟ್ಟಿಯಲ್ಲಿ ಒಂದು ಖಾಲಿ ದಿನ.

ಎಲ್ಲಕ್ಕಿಂತ ದೊಡ್ಡ ಕಾರಣ ಆ ಇಬ್ಬರ ಸ್ಥಿತಿ. ಚಪ್ಪರದ ದಿನದಿಂದ ಬೀಗರೂಟದವರೆಗೆ ಅವರಿಗೆ ಸರಿಯಾದ ನಿದ್ದೆಯಿಲ್ಲ. ಆರತಕ್ಷತೆಯಲ್ಲಿ ಗಂಟೆಗಟ್ಟಲೆ ನಿಂತು, ಫೋಟೊದವನು ಹೇಳಿದತ್ತ ಕತ್ತು ತಿರುಗಿಸಿ, ಎರಡೂ ಮನೆಯ ನೆಂಟರಿಗೆ ನಮಸ್ಕರಿಸಿ ದಣಿದವರು ಅವರು. ವಾಪಸಾದ ಮೇಲೆ ಅತ್ತೆ-ಮಾವ, ಆಫೀಸು, ಹೊಸ ಮನೆಯ ಬಾಡಿಗೆ, ಎಲ್ಲವೂ ಕಾದಿರುತ್ತವೆ. ನಡುವೆ ಸಿಗುವ ಈ ಆರು ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಚಾಲಕನ ಫೋನಿಗೆ ಏಳುವುದು, ಸೂಟ್‌ಕೇಸ್ ಕಟ್ಟುವುದು, ಜೆಟ್ಟಿಯ ಸಾಲಿನಲ್ಲಿ ನಿಲ್ಲುವುದೇ ಆದರೆ ಅದು ಮದುವೆಯ ಓಡಾಟದ ಮುಂದುವರಿಕೆ. ಹಾಸಿಗೆಗೆ ಹೂವಿನ ಅಲಂಕಾರ, ಮೇಣದಬತ್ತಿಯ ಊಟ ಎಂದು ಪ್ಯಾಕೇಜಿನಲ್ಲಿ ಸೇರಿಸಿದ ಮಾತ್ರಕ್ಕೆ ಆ ದಣಿವು ಆರುವುದಿಲ್ಲ.

ಇಷ್ಟು ದುಡ್ಡು ಸುರಿದು ಹೋಗಿ ಒಂದೇ ಕಡೆ ಕೂತು ಬರುವುದೇ ಎಂದು ಮನೆಯವರು ಕೇಳುತ್ತಾರೆ. ಆ ದುಡ್ಡಿನಲ್ಲಿ ದೊಡ್ಡ ಪಾಲು ವಿಮಾನಕ್ಕೆ ಹೋಗುತ್ತದೆ, ಒಂದು ದ್ವೀಪ ನೋಡಿದರೂ ಮೂರು ನೋಡಿದರೂ ಅದು ಬದಲಾಗದು. ಹಡಗು, ಕಾರುಗಳ ಖರ್ಚು ಉಳಿದರೆ ಕಡಲಿಗೆ ಹತ್ತಿರದ ಕೋಣೆಯೇ ಸಿಗಬಹುದು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಇಬ್ಬರಿಗೂ ಅಷ್ಟಾಗಿ ಪರಿಚಯವಿರುವುದಿಲ್ಲ, ಸುಮ್ಮನೆ ಕೂರಿಸಿದರೆ ಮುಜುಗರವಾಗುತ್ತದೆ, ನೋಡುವ ಜಾಗಗಳಿದ್ದರೆ ಮಾತಿಗೊಂದು ನೆಪ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜ, ಆ ಮುಜುಗರ ಇರುತ್ತದೆ. ಅದನ್ನು ಕಳೆಯಲು ಬೆಳಿಗ್ಗೆ ಕಾಲಾಪತ್ಥರ್ ತೀರದಲ್ಲೊಂದು ನಡಿಗೆ, ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ನಡೆಸುವ ಚಿಕ್ಕ ಹೋಟೆಲಿನಲ್ಲಿ ಮೀನು ಸಾರು-ಅನ್ನ, ಸಂಜೆ ಒಂದು ಈಜು ಸಾಕು. ಕಾರಿನ ಮುಂದಿನ ಸೀಟಿನಲ್ಲಿ ಚಾಲಕ, ಪಕ್ಕದಲ್ಲಿ ಗೈಡ್ ಇರುವಾಗ ಮನಸ್ಸು ಬಿಚ್ಚಿ ಮಾತಾಡುವುದು ಸುಲಭವಲ್ಲ.

ಸೆಲ್ಯುಲರ್ ಜೈಲನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೊನೆಯ ದಿನ ಅರ್ಧ ಹೊತ್ತು ಮೀಸಲಿಡಲಿ; ವಿಮಾನದ ಸುಸ್ತಿನಲ್ಲಿ ಮೊದಲ ಸಂಜೆ ಹೋಗಿ ತೂಕಡಿಸುವಂಥ ಜಾಗ ಅದಲ್ಲ. ನೀಲ್‌ನ ಆಸೆಯಿದ್ದವರು ಹ್ಯಾವ್‌ಲಾಕ್ ಬಿಟ್ಟು ನೀಲ್‌ನಲ್ಲೇ ಉಳಿಯಲಿ. ದುಡ್ಡು ಕಟ್ಟುವ ಮುಂಚೆಯೇ ಟ್ರಾವೆಲ್ಸ್‌ನವರಿಗೆ, ನಮಗೆ ಒಂದೇ ದ್ವೀಪ ಸಾಕು, ಡಿಸೆಂಬರಿಗಿಂತ ಜನವರಿಯ ತಾರೀಖು ಕೊಡಿ, ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕೋಣೆ ಇರಲಿ ಎಂದು ಹೇಳಿದರೆ ಪಟ್ಟಿ ಬದಲಿಸಿ ಕೊಡುವುದು ಅವರಿಗೂ ಕಷ್ಟವಲ್ಲ.