ಮೊದಲು ಪರೀಕ್ಷೆ, ಆಮೇಲೆ ಮೀನು

ಮಕ್ಕಳೇ, ಮನೆಯಲ್ಲೋ ಶಾಲೆಯಲ್ಲೋ ಒಂದು ಮೀನಿನ ತೊಟ್ಟಿ ಇರಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗೆ ಇದೆಯಲ್ಲವೇ? ಸಿದ್ಧ ತೊಟ್ಟಿ ಕೊಳ್ಳಲು ಹಣ ಹೆಚ್ಚು ಬೇಕು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವ ಊರಿನ ಪೇಟೆಗೆ ಹೋದರೂ ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿ ಸಿಲಿಕಾನ್, ಪಿವಿಸಿ ಪೈಪು, ಸಿಮೆಂಟು, ಪ್ಲಾಸ್ಟಿಕ್ ಟಬ್ಬು ಎಲ್ಲವೂ ಸಿಗುತ್ತವೆ. ಇವುಗಳಿಂದ ತೊಟ್ಟಿ ಮಾಡಬಹುದೇ? ಖಂಡಿತ ಮಾಡಬಹುದು. ಆದರೆ ಒಂದು ಷರತ್ತು ಇದೆ.

"ಒಂದು ಮೀನು ಬಿಟ್ಟು ನೋಡೋಣ, ಬದುಕಿದರೆ ಸರಿ" ಎನ್ನುವವರು ಇದ್ದಾರೆ. ಇದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೀನಿಗೂ ಜೀವವಿದೆ ಎಂಬುದು ಮೊದಲ ಕಾರಣ. ಎರಡನೆಯ ಕಾರಣ, ಇದು ಒಳ್ಳೆಯ ವಿಜ್ಞಾನವೂ ಅಲ್ಲ. ತೊಟ್ಟಿಯಲ್ಲಿ ಐದು ಹೊಸ ವಸ್ತುಗಳಿದ್ದು ಮೀನು ಸತ್ತರೆ, ಕೊಂದದ್ದು ಯಾವುದು ಎಂದು ಹೇಗೆ ಹೇಳುವಿರಿ? ಇಂದು ಬದುಕಿದ ಮೀನು ನಿಧಾನ ವಿಷದಿಂದ ಮುಂದಿನ ತಿಂಗಳು ಸಾಯಲೂಬಹುದು.

ಕಿವಿರು ಬಲು ಸೂಕ್ಷ್ಮ

ತಾಮ್ರದ ಕೊಡದ ನೀರನ್ನು ನಾವು ಕುಡಿಯುತ್ತೇವೆ. ಹಾಗಾದರೆ ತೊಟ್ಟಿಯಲ್ಲಿ ತಾಮ್ರದ ತಂತಿ ಇದ್ದರೇನು ಎಂದು ನೀವು ಕೇಳಬಹುದು. ನಾವು ನೀರನ್ನು ಆಗಾಗ ಕುಡಿಯುತ್ತೇವೆ, ಮೀನು ಹಗಲೂ ರಾತ್ರಿಯೂ ನೀರಿನಲ್ಲೇ ಉಸಿರಾಡುತ್ತದೆ. ಅದರ ಕಿವಿರಿನ ಪೊರೆ ಬಹಳ ತೆಳು. ನೀರಿನಲ್ಲಿ ಕರಗಿದ ತಾಮ್ರ ಮತ್ತು ಸತುವಿನ ಅಂಶ ಆ ಪೊರೆಗೆ ಅಂಟಿ ಅದನ್ನು ಕೆಡಿಸುತ್ತದೆ. ಆದ್ದರಿಂದ ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಜಿಐ ತಂತಿ, ತಗಡಿನ ಬಕೆಟು ಇವು ತೊಟ್ಟಿಗೆ ಬೇಡ. ಇವನ್ನು ಮನೆಯಲ್ಲೇ ಪರೀಕ್ಷಿಸುವ ಸುಲಭ ದಾರಿ ಇಲ್ಲ. ಪರೀಕ್ಷಿಸಲಾಗದ್ದನ್ನು ದೂರ ಇಡುವುದೇ ಜಾಣತನ.

ಕೊಳ್ಳುವ ಮುನ್ನ ಕೇಳಿ

ಪೈಪು ಕೊಳ್ಳುವಾಗ "ಕಾಕಾ, ಇದು ಕುಡಿಯುವ ನೀರಿಗೆ ಮಾಡಿದ್ದೇನ್ರಿ?" ಎಂದು ಕೇಳಿ. ಕುಡಿಯುವ ನೀರಿನ ಪಿವಿಸಿ ಪೈಪಿನ ಮೇಲೆ ಐಎಸ್ 4985 ಎಂಬ ಗುರುತು ಇರುತ್ತದೆ. ವಿದ್ಯುತ್ ತಂತಿ ಹಾಯಿಸುವ ಪೈಪನ್ನು ಕುಡಿಯುವ ನೀರಿಗಾಗಿ ಮಾಡಿರುವುದಿಲ್ಲ. ಪಿವಿಸಿಯಲ್ಲಿ ಸೀಸ ಬೆರೆಸುವ ರೂಢಿ ಇತ್ತು. ಅದನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಹೀಗಾಗಿ ಗುಜರಿಯ ಹಳೆಯ ಪೈಪು ಬೇಡ.

ಗಾಜು ಅಂಟಿಸುವ ಸಿಲಿಕಾನಿನಲ್ಲಿಯೂ ಬಗೆಗಳಿವೆ. ಬಚ್ಚಲು ಮನೆಗೆಂದು ಮಾಡಿದ, ಬೂಷ್ಟು ತಡೆಯುವ ಸಿಲಿಕಾನಿನಲ್ಲಿ ಬೂಷ್ಟನ್ನು ಕೊಲ್ಲುವ ರಾಸಾಯನಿಕ ಇರುತ್ತದೆ. ಅದು ಮೀನಿಗೂ ಕೇಡು. ಅಂತಹ ಯಾವ ಸೇರ್ಪಡೆಯೂ ಇಲ್ಲದ, ಅಕ್ವೇರಿಯಂಗೆ ಆಗುತ್ತದೆ ಎಂದು ಟ್ಯೂಬಿನ ಮೇಲೆ ಬರೆದದ್ದನ್ನೇ ಕೊಳ್ಳಿ. ಇಂಥ ಸಿಲಿಕಾನ್ ಒಣಗುವಾಗ ಸಾಮಾನ್ಯವಾಗಿ ವಿನೆಗರ್‌ನ ಹುಳಿ ವಾಸನೆ ಬರುತ್ತದೆ. ಆ ವಾಸನೆ ಪೂರ್ಣ ಹೋಗುವವರೆಗೆ, ಒಂದು ವಾರವಾದರೂ, ಕಾಯಿರಿ. ಗಾಜು ಕತ್ತರಿಸುವುದು, ಅಂಟಿಸುವುದು, ಕರೆಂಟಿನ ಮೋಟರು ಜೋಡಿಸುವುದು ದೊಡ್ಡವರ ಕೆಲಸ.

ನಮ್ಮ ಭಾಗದಲ್ಲಿ ಇನ್ನೂ ಎರಡು ಎಚ್ಚರಿಕೆ ಬೇಕು. ಕಬ್ಬು, ದ್ರಾಕ್ಷಿಗೆ ಹೊಡೆಯುವ ಔಷಧದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ತೊಟ್ಟಿಯಾಗಿ ಬಳಸಬೇಡಿ. ನಿಪ್ಪಾಣಿ ಸೀಮೆಯಲ್ಲಿ ತಂಬಾಕಿನ ಕೆಲಸ ಮಾಡುವ ಮನೆಗಳಿವೆ. ತಂಬಾಕಿನ ನಿಕೋಟಿನ್ ಕೀಟಗಳನ್ನೂ ಮೀನುಗಳನ್ನೂ ಕೊಲ್ಲಬಲ್ಲ ವಿಷ. ತಂಬಾಕು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ತೊಟ್ಟಿಗೆ ಹಾಕಬಾರದು.

ನೀವೇ ಮಾಡಿ ನೋಡಿ

ಮೊದಲನೆಯದು ಕಲ್ಲಿನ ಪರೀಕ್ಷೆ. ಕಲ್ಲನ್ನು ಮೊಳೆಯಿಂದ ಗೀರಿ, ಗೀರಿನ ಮೇಲೆ ನಿಂಬೆರಸ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಅಂಥ ಕಲ್ಲು ನೀರನ್ನು ಗಡುಸು ಮಾಡುತ್ತದೆ. ಎರೆ ಹೊಲದಲ್ಲಿ ಸಿಗುವ ಬಿಳಿ ಹರಳು ಮತ್ತು ಅಮೃತಶಿಲೆಯ ಚೂರು ಹೀಗೆಯೇ. ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಗಟ್ಟಿಯಾಗಿ ಆದದ್ದು, ಅದು ಸಾಮಾನ್ಯವಾಗಿ ಗುಳ್ಳೆ ಬಿಡುವುದಿಲ್ಲ. ಆದರೂ ಅದರ ನಡುವೆ ಬಿಳಿ ಹರಳಿನ ಗೆರೆ ಇದ್ದರೆ ಅಲ್ಲಿಯೂ ಒಂದು ಹನಿ ಬಿಟ್ಟು ನೋಡಿ.

ಎರಡನೆಯದು ಸಿಮೆಂಟಿನ ಪರೀಕ್ಷೆ. ಹೊಸ ಸಿಮೆಂಟಿನ ತೊಟ್ಟಿಯಿಂದ ಪ್ರತ್ಯಾಮ್ಲ ಹೊರಬಂದು ನೀರಿಗೆ ಸೇರುತ್ತದೆ. ಬಿಳಿ ಕಾಗದಕ್ಕೆ ಅರಿಷಿಣದ ನೀರು ಬಳಿದು ಒಣಗಿಸಿ. ತೊಟ್ಟಿಯಲ್ಲಿ ಎರಡು ದಿನ ನಿಂತ ನೀರನ್ನು ಒಂದು ಹನಿ ಅದರ ಮೇಲೆ ಹಾಕಿ. ಕೆಂಪಾದರೆ ನೀರು ಚೆಲ್ಲಿ ಹೊಸ ನೀರು ತುಂಬಿ. ಎರಡು ಮೂರು ವಾರ ಹೀಗೆ ಮಾಡಬೇಕಾದೀತು. ಕಾಗದ ಹಳದಿಯಾಗಿಯೇ ಉಳಿದರೆ ಪ್ರತ್ಯಾಮ್ಲ ತಗ್ಗಿದೆ ಎಂದರ್ಥ. ನೆನಪಿಡಿ, ಅರಿಷಿಣ ಇಷ್ಟನ್ನು ಮಾತ್ರ ಹೇಳುತ್ತದೆ. ಸೀಸ, ತಾಮ್ರ, ಔಷಧದ ಬಗ್ಗೆ ಅದು ಏನನ್ನೂ ಹೇಳದು. ಒಂದು ಪರೀಕ್ಷೆಯಿಂದ ಒಂದೇ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೂರನೆಯದು ನೀರು. ನಳದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಅದರ ಕ್ಲೋರಿನ್ ಮೀನಿಗೆ ಆಗದು. ಅಗಲ ಬಾಯಿಯ ಬಕೆಟಿನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ.

ಇಷ್ಟೆಲ್ಲ ತಾಪತ್ರಯ ಒಂದು ಪುಟ್ಟ ಗಪ್ಪಿ ಮೀನಿಗಾಗಿಯೇ ಎನ್ನಬೇಡಿ. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವುದು ಈ ಮೀನನ್ನೇ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಮನೆಯ ಮಾಳಿಗೆಯ ಟ್ಯಾಂಕು, ಅದರ ಪೈಪು, ಅದಕ್ಕೆ ಹಚ್ಚಿದ ಅಂಟು ಕೂಡ ಇದೇ ಅಂಗಡಿಯಿಂದ ಬಂದವು. ಮೀನಿಗಾಗಿ ಇಂದು ಕೇಳಲು ಕಲಿತ ಪ್ರಶ್ನೆಯನ್ನು ನಾಳೆ ನೀವು ಕುಡಿಯುವ ನೀರಿಗಾಗಿಯೂ ಕೇಳುವಿರಿ. ನಿಮ್ಮ ಶಾಲೆಯಲ್ಲಿ ಒಂದು ತೊಟ್ಟಿ ಮಾಡಲು ಗುರುಗಳನ್ನು ಇಂದೇ ಕೇಳಿ. ಮೊದಲ ತಿಂಗಳು ಅದರಲ್ಲಿ ನೀರು ಮಾತ್ರ ಇರಲಿ, ಮೀನು ಆಮೇಲೆ ಬರಲಿ.