ಮೂವತ್ತು ದಿನದೊಳಗೆ ಒಂದು ಚಿತ್ರ

ಅವಧಿಗೆ ಮುನ್ನ ಹುಟ್ಟಿದ ಕೂಸು ತೂಕ ಏರಿಸಿಕೊಂಡು, ಹಾಲು ಕುಡಿಯುತ್ತ ಮನೆಗೆ ಬಂತೆಂದರೆ ಮನೆಮಂದಿಗೆಲ್ಲ ನೆಮ್ಮದಿ. ಗಂಡಾಂತರ ಕಳೆಯಿತೆಂದೇ ಎಲ್ಲರ ಭಾವನೆ. ಆದರೆ ಅಂಥ ಕೂಸಿನ ಕಣ್ಣೊಳಗೆ, ಹೊರಗಿನಿಂದ ನೋಡಿದವರಿಗೆ ಏನೂ ಕಾಣದಂತೆ, ಒಂದು ತೊಂದರೆ ಬೆಳೆಯುತ್ತಿರಬಹುದು. ಅದರ ಹೆಸರು ‘ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ’, ಚಿಕ್ಕದಾಗಿ ಆರ್‌ಒಪಿ. ಅದನ್ನು ಹಿಡಿಯಲು ಇರುವ ಕಾಲಾವಕಾಶ ಕೆಲವೇ ವಾರ.

ಕಣ್ಣನ್ನು ಕ್ಯಾಮರಾಕ್ಕೆ ಹೋಲಿಸುವ ಪಾಠವನ್ನು ಹೈಸ್ಕೂಲು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಬಿಂಬ ಮೂಡುವ ಪರದೆಯೇ ರೆಟಿನ, ಅಂದರೆ ಅಕ್ಷಿಪಟಲ. ಇದಕ್ಕೆ ರಕ್ತ ಒದಗಿಸುವ ನಾಳಗಳು ಗರ್ಭದ 16ನೇ ವಾರದ ಹೊತ್ತಿಗೆ ಕಣ್ಣಿನ ಹಿಂಭಾಗದಿಂದ ಹೊರಟು, ಕಾಲುವೆಯ ನೀರು ಹೊಲದ ಬದುವಿನತ್ತ ಸಾಗುವಂತೆ, ಅಂಚಿನತ್ತ ಹರಡುತ್ತವೆ. ಅಂಚು ಮುಟ್ಟಲು 36ರಿಂದ 40 ವಾರ ಬೇಕು. ಏಳನೆಯ ತಿಂಗಳಲ್ಲೇ ಹೆರಿಗೆಯಾದರೆ ಕೊನೆಯ ಹೊಲಕ್ಕೆ ನೀರು ಇನ್ನೂ ಮುಟ್ಟಿರುವುದಿಲ್ಲ. ಉಸಿರಾಟಕ್ಕೆಂದು ಕೊಡುವ ಆಮ್ಲಜನಕ ಹೆಚ್ಚಾದರೆ ನಾಳಗಳ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಆಮ್ಲಜನಕ ಸಾಲದೆ ಸೊರಗಿದ ಅಂಚಿನ ಭಾಗ ರಾಸಾಯನಿಕ ಸಂದೇಶ ಕಳಿಸುತ್ತದೆ. ಅದಕ್ಕೆ ಓಗೊಟ್ಟು ದುರ್ಬಲವಾದ, ದಿಕ್ಕು ತಪ್ಪಿದ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಅವು ಅಕ್ಷಿಪಟಲವನ್ನು ಎಳೆದು ಕಿತ್ತರೆ ಮಗುವಿಗೆ ಬಾಳಪೂರ್ತಿ ಕುರುಡು.

ಅಮೆರಿಕದ ವೈದ್ಯ ಟೆರ್ರಿ ಈ ರೋಗವನ್ನು ವಿವರಿಸಿದ್ದು 1942ರಲ್ಲಿ. ಆಮ್ಲಜನಕದ ಪಾತ್ರ ಸ್ಪಷ್ಟವಾದದ್ದು 1950ರ ದಶಕದಲ್ಲಿ. ಇಂದು ಇದಕ್ಕೆ ಚಿಕಿತ್ಸೆ ಇದೆ. ರಕ್ತನಾಳ ತಲುಪದ ಭಾಗಕ್ಕೆ ಲೇಸರ್ ಹಾಯಿಸಿದರೆ ಕೆಟ್ಟ ಸಂದೇಶ ನಿಲ್ಲುತ್ತದೆ. ಆದರೆ ರೋಗ ತೀವ್ರವಾದದ್ದು ಕಂಡ 48ರಿಂದ 72 ಗಂಟೆಗಳೊಳಗೆ ಅದು ನಡೆಯಬೇಕು.

ತೊಡಕು ಇರುವುದು ಇಲ್ಲಿಯೇ. ಕೂಸಿನ ಅಕ್ಷಿಪಟಲ ನೋಡಿ ರೋಗ ಗುರುತಿಸಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಹಾವೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಒಂದೂವರೆ ಕಿಲೋ ತೂಕದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಣಂತಿ ಅಷ್ಟು ದೂರ ಹೋಗುವುದೆಂದರೆ ಸುಮ್ಮನೆ ಮಾತೇ?

ಕೂಸು ಹೋಗುವ ಬದಲು ಅದರ ಕಣ್ಣಿನ ಚಿತ್ರ ಹೋದರೆ? ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯ ತಿರುಳು ಇದೇ. ಡಾ. ಆನಂದ್ ವಿನೇಕರ್ ಇದರ ಮುಂದಾಳು. ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಔಷಧ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ, ಅಕ್ಷಿಪಟಲದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪು ಎಂದರೆ ಚಿಕಿತ್ಸೆಗೆ ತಡಮಾಡಬಾರದು, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರಾದರೆ ಚಿಂತೆಯಿಲ್ಲ. ಚಿತ್ರಗಳು ಇಂಟರ್‌ನೆಟ್ ಮೂಲಕ ತಜ್ಞರಿಗೆ ತಲುಪುತ್ತವೆ. ಅವರು ಎಲ್ಲೇ ಇದ್ದರೂ ಮೊಬೈಲ್ ಪರದೆಯ ಮೇಲೆ ಚಿತ್ರ ನೋಡಿ ತೀರ್ಮಾನ ತಿಳಿಸಬಹುದು.

ಇದರಿಂದ ಇನ್ನೊಂದು ಲಾಭವೂ ಉಂಟು. ಕಣ್ಣಲ್ಲಿ ನೋಡಿದ್ದು ವೈದ್ಯರ ನೆನಪಲ್ಲಿ ಮಾತ್ರ ಉಳಿದರೆ, ಚಿತ್ರ ದಾಖಲೆಯಾಗಿ ಉಳಿಯುತ್ತದೆ. ಹೋದ ವಾರದ ಚಿತ್ರದ ಪಕ್ಕ ಈ ವಾರದ್ದನ್ನು ಇಟ್ಟು ಹೋಲಿಸಬಹುದು. ಸಾವಿರಾರು ಚಿತ್ರಗಳು ಕೂಡಿದರೆ ಯಾವ ತೂಕದ ಮಕ್ಕಳಿಗೆ ಅಪಾಯ ಹೆಚ್ಚು ಎಂಬ ಸಂಶೋಧನೆ ಸಾಧ್ಯ. ರೋಗ ಗುರುತಿಸಲು ಕಂಪ್ಯೂಟರಿಗೂ ಕಲಿಸಬಹುದು. ಹಾಗೆ ಬಳಸುವಾಗ ಮಗುವಿನ ಗುರುತು ಹೊರಬೀಳಬಾರದು. ಮಕ್ಕಳ ಮೇಲಿನ ಸಂಶೋಧನೆಗೆ ಹೆತ್ತವರ ಒಪ್ಪಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸಹಿ ಹಾಕುವ ಮುನ್ನ ಅದು ಚಿಕಿತ್ಸೆಗೋ ಸಂಶೋಧನೆಗೋ ಎಂದು ಕೇಳುವುದು ಹೆತ್ತವರ ಹಕ್ಕು.

ಯಂತ್ರವೊಂದೇ ಎಲ್ಲವನ್ನೂ ಮಾಡದು. ಚಿತ್ರ ಮಸುಕಾದರೆ ತೀರ್ಪೂ ಮಸುಕು. ಚಿತ್ರ ದೂರ ಹೋಗಬಲ್ಲದು, ಲೇಸರ್ ಮಾತ್ರ ಕೂಸಿನ ಬಳಿಯಲ್ಲೇ ಆಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರಾದರೊಬ್ಬರು ಸಕಾಲದಲ್ಲಿ ನೆನಪಿಸಬೇಕು.

ಹಾಗಾಗಿ ಹಾವೇರಿಯಾಗಲಿ, ರಾಣೆಬೆನ್ನೂರಾಗಲಿ, ಬ್ಯಾಡಗಿಯ ಹಳ್ಳಿಯಾಗಲಿ, ಮನೆಯವರು ತಿಳಿದಿರಬೇಕಾದ ಲೆಕ್ಕ ಇಷ್ಟೆ: 34 ವಾರ ತುಂಬುವ ಮುನ್ನ ಹುಟ್ಟಿದ, ಇಲ್ಲವೆ 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಕಣ್ಣು ಪರೀಕ್ಷೆ 30 ದಿನದೊಳಗೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಎರಡು–ಮೂರು ವಾರದಲ್ಲೇ ಆಗಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ “ಕಣ್ಣು ನೋಡಿದ್ರೇನ್ರಿ? ಮತ್ತ ಯಾವಾಗ ಬರಬೇಕು?” ಎಂದು ಕೇಳಿ ತಾರೀಖು ಬರೆಸಿಕೊಳ್ಳಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದರೂ ವೈದ್ಯರು ಸಾಕೆನ್ನುವವರೆಗೆ ಹೋಗುತ್ತಿರಬೇಕು. ಲೆಕ್ಕ ಬಲ್ಲ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ, ಆ ಮೂವತ್ತನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅವರದ್ದು.